ಲಾಯರಮ್ಮನ ಕಪಾಟಿನ ಕೊನೆಯ ಗಂಟು

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ ಇದೆ. ಕೋರ್ಟಿನ ಹಿಂದಿನ ಓಣಿಯಲ್ಲಿ ಹಾಲಿನ ಸೈಕಲ್ಲು ಬಿಟ್ಟರೆ ಬೇರೆ ಸದ್ದಿಲ್ಲ. ಮೊದಲ ಮಹಡಿಯ ಕೋಣೆಯ ಬೀಗ ತೆಗೆದು ಒಳಗೆ ಬಂದವರು ದೀಪ ಹಾಕುತ್ತಾರೆ, ಕಿಟಕಿ ತೆರೆಯುತ್ತಾರೆ, ಮೂಲೆಮೂಲೆ ಗುಡಿಸುತ್ತಾರೆ. ಆಮೇಲೆ ಗೋಡೆಯ ಮೊಳೆಯಿಂದ ಕಪ್ಪು ಕೋಟೊಂದನ್ನು ಇಳಿಸಿ, ಕಾಲರಿನಿಂದ ಶುರುಮಾಡಿ ಕೆಳಗಿನವರೆಗೂ ಬ್ರಷ್ ಹಾಕುತ್ತಾರೆ. ಬಲ ಮೊಣಕೈ ಹತ್ತಿರ ಸಣ್ಣ ತೇಪೆಯಿದೆ. ಅಲ್ಲಿ ಕೈ ಸ್ವಲ್ಪ ನಿಧಾನವಾಗುತ್ತದೆ. ಕೋಟು ತೊಡುತ್ತಿದ್ದವರು ತೀರಿಕೊಂಡು ಮೂರು ತಿಂಗಳಾಯಿತು.

"ಧೂಳು ಕೂರೋದು ನಿಲ್ಸಿಲ್ವಲ್ಲ," ನಾನು ಕೇಳುವ ಮೊದಲೇ ಅವರು ಹೇಳುತ್ತಾರೆ. "ಅದು ನಿಲ್ಸಿದ ದಿನ ನಾನೂ ನಿಲ್ಲಿಸ್ತೀನಿ."

ಇವರು ಗುಮಾಸ್ತರು. ವಯಸ್ಸು ಅರವತ್ತಾರು. ಅದರಲ್ಲಿ ನಲವತ್ತೊಂದು ವರ್ಷ ಕಳೆದದ್ದು ಇದೇ ಕೋಣೆಯಲ್ಲಿ. ಕೋರ್ಟಿನಲ್ಲಿ ಎಲ್ಲರೂ ಕರೆಯುವುದು ಫೈಲಪ್ಪ ಎಂದು. ಬಗಲಲ್ಲಿ ಫೈಲಿಲ್ಲದೆ ಇವರನ್ನು ಕಂಡವರಿಲ್ಲ. ಬರಿಗೈಯಲ್ಲಿ ಬಂದರೆ ಬಾಗಿಲ ಕಾವಲುಗಾರ 'ನೀವ್ಯಾರು' ಎಂದು ಕೇಳಿಯಾನು ಎಂಬುದು ಅಲ್ಲಿನ ಹಳೆಯ ತಮಾಷೆ. ಮದುವೆ ಆಗಿಲ್ಲ. ಊಟ ಒಬ್ಬರೇ ಮಾಡುತ್ತಾರೆ, ಅದೂ ನಿಂತುಕೊಂಡು.

ಕೋಟು ಲಾಯರಮ್ಮನದು. ಎಂಬತ್ತೊಂಬತ್ತು ವರ್ಷ ಬದುಕಿದ, ಅರವತ್ತೆರಡು ವರ್ಷ ವಕೀಲಿಕೆ ಮಾಡಿದ ಆ ತಾಯಿಯ ಬಗ್ಗೆ ಪತ್ರಿಕೆಗಳು ಈಗಾಗಲೇ ಸಾಕಷ್ಟು ಬರೆದಿವೆ, ಈ ಪತ್ರಿಕೆಯೂ ಬರೆದಿದೆ. ಹೆಂಗಸರಿಗೆ ಬೇರೆ ಕೋಣೆಯಿಲ್ಲದೆ ಅವರು ಮೊದಲ ದಿನ ದಾಖಲೆ ಕೊಠಡಿಯ ಕಪಾಟಿನ ಹಿಂದೆ ನಿಂತು ಕೋಟು ತೊಟ್ಟದ್ದು, ಕಾರ್ಖಾನೆ ಪಕ್ಕದ ನಾನೂರು ಮನೆಗಳನ್ನು ಒಕ್ಕಲೆಬ್ಬಿಸಲು ಬಂದಾಗ ಹನ್ನೊಂದು ವರ್ಷ ವಾದಿಸಿ ಒಂದು ಇಟ್ಟಿಗೆಯೂ ಅಲುಗದಂತೆ ನೋಡಿಕೊಂಡದ್ದು, ಎಲ್ಲ ಅಚ್ಚಾಗಿದೆ. ಆ ಹನ್ನೊಂದು ವರ್ಷದ ಒಂದೊಂದು ಹಾಳೆಯನ್ನೂ ಟೈಪ್ ಮಾಡಿದ ಎರಡು ಬೆರಳುಗಳ ಸುದ್ದಿ ಮಾತ್ರ ಎಲ್ಲೂ ಇಲ್ಲ. ನಾನೂ ಬರೆದಿರಲಿಲ್ಲ. ತಪ್ಪೊಪ್ಪಿಕೊಳ್ಳುತ್ತಿದ್ದೇನೆ.

ಕೋಣೆಯಲ್ಲಿ ಒಂದು ಬೆಂಚಿದೆ. ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿಲ್ಲ, ಇಬ್ಬರಿಗೂ ಆರಾಮಿಲ್ಲ. "ಬೇಕಂತಲೇ ಚಿಕ್ಕದು ಮಾಡಿಸಿದ್ದು," ಫೈಲಪ್ಪನವರ ಮುಖದಲ್ಲಿ ಮೊದಲ ಸಲ ನಗು ಕಾಣುತ್ತದೆ. "ಜಗಳ ಆಡ್ಕೊಂಡು ಬಂದವರಿಬ್ಬರನ್ನೂ ಅದರ ಮೇಲೇ ಕೂರಿಸೋರು. ಮೊಣಕೈಗೆ ಮೊಣಕೈ ತಾಗ್ಬೇಕು ಅನ್ನೋರು ಅಮ್ಮ. ಅರ್ಧಕ್ಕರ್ಧ ಕೇಸು ಆ ಬೆಂಚಲ್ಲೇ ಮುಗ್ದಿದೆ." ಗೆದ್ದವ ಸೋತ, ಸೋತವ ಸತ್ತ ಎಂಬ ಕೋರ್ಟಿನ ಗಾದೆಯನ್ನು ಬಾಯಲ್ಲಿ ಹೇಳುವ ವಕೀಲರು ಬೇಕಾದಷ್ಟಿದ್ದಾರೆ. ಅದನ್ನು ನಂಬಿ ಬೆಂಚು ಮಾಡಿಸಿದವರು ಇವರೊಬ್ಬರೇ ಇರಬೇಕು.

ಇನ್ನೊಂದು ಪದ್ಧತಿಯೂ ಇತ್ತು. ಕೇಸು ಬಂದ ದಿನ ಕಾಗದಗಳನ್ನೆಲ್ಲ ಜೋಡಿಸಿ ಫೈಲಿಗೆ ಲಾಡಿ ಕಟ್ಟುವುದು ಗುಮಾಸ್ತರ ಕೆಲಸ. ಕೇಸು ಮುಗಿದ ದಿನ ಆ ಗಂಟನ್ನು ಕಕ್ಷಿದಾರರೇ ಬಿಚ್ಚಬೇಕು, ತಮ್ಮ ಕಾಗದ ತಾವೇ ಒಯ್ಯಬೇಕು. ಕತ್ತರಿ ಹಾಕುವಂತಿಲ್ಲ. ಮನೆಯವರೊಳಗಿನ ಜಗಳವಾದರೆ ಎರಡೂ ಕಡೆಯವರು ಒಟ್ಟಿಗೆ ಕೂತು ಬಿಚ್ಚಬೇಕು. ಆದರೆ ಜನ ಗೆದ್ದ ಮೇಲೆ ವಕೀಲರ ಕಡೆ ತಲೆ ಹಾಕುವುದು ಕಡಿಮೆ. ಹಾಗಾಗಿ ಲಾಯರಮ್ಮ ಹೋದಾಗ ಕಪಾಟಿನಲ್ಲಿ ಬಿಚ್ಚದ ಗಂಟುಗಳು ನೂರಿಪ್ಪತ್ತೆಂಟು ಇದ್ದವು. ಕೋಣೆಯೀಗ ಅವರ ತಂಗಿಯ ಮಗಳ ಪಾಲಿಗೆ ಬಂದಿದೆ. ಒಳ್ಳೆಯ ಹೆಣ್ಣುಮಗಳು, ಮೂರು ತಿಂಗಳು ಸಮಯ ಕೊಟ್ಟಿದ್ದಾರೆ. ಈ ತಿಂಗಳ ಕೊನೆಗೆ ಕೋಣೆ ಖಾಲಿಯಾಗಬೇಕು. ಉಳಿದದ್ದು ರದ್ದಿಗೆ.

ಅದಕ್ಕೇ ಈ ನಸುಕಿನ ಓಡಾಟ. ಜನ ಕೆಲಸಕ್ಕೆ ಹೊರಡುವ ಮೊದಲು ಹಿಡಿಯಬೇಕಲ್ಲ. ಆರೂವರೆಗೆ ಹೊರಟರೆ ಹತ್ತರೊಳಗೆ ಎರಡು ಮನೆ, ಅದೃಷ್ಟ ಇದ್ದರೆ ಮೂರು. ಮನೆ ಬದಲಿಸಿದವರು, ಊರು ಬಿಟ್ಟವರು, ಲೋಕವನ್ನೇ ಬಿಟ್ಟವರು, ಎಲ್ಲರ ಜಾಡೂ ಹಿಡಿದು ಹೋಗಿದ್ದಾರೆ. ನಾನು ಹೋದ ದಿನ ಬಗಲಲ್ಲಿದ್ದದ್ದು ನೂರಿಪ್ಪತ್ತೇಳನೆಯದು.

ನಿವೃತ್ತ ಬಸ್ ಚಾಲಕರೊಬ್ಬರ ಮನೆ. ಎಂದೋ ಕೆಲಸದಿಂದ ತೆಗೆದುಹಾಕಿದ್ದರು, ಲಾಯರಮ್ಮ ವಾಪಸ್ ಕೊಡಿಸಿದ್ದರು. ಇಪ್ಪತ್ತಾರು ವರ್ಷದ ಗಂಟು ಕಲ್ಲಾಗಿದೆ. ಚಾಲಕರ ಉಗುರಿಗೆ ಸಿಗುತ್ತಿಲ್ಲ.

"ಕತ್ತರಿ ತರ್ಲಾ?"

"ಬೇಡ ಯಜಮಾನ್ರೇ. ನಿಧಾನಕ್ಕೆ ಆಗ್ಲಿ, ನಾನಿದೀನಿ."

ಹತ್ತು ನಿಮಿಷ ಹಿಡಿಯಿತು. ಗಂಟು ಬಿಚ್ಚಿದಾಗ ಮೇಲೆ ಸಿಕ್ಕಿದ್ದು ಮೀಸೆ ಕಪ್ಪಗಿದ್ದ ಕಾಲದ ಭಾವಚಿತ್ರ. ಚಾಲಕರು ಅದನ್ನು ನೋಡುತ್ತಾ ಲಾಯರಮ್ಮನನ್ನು ನೆನೆದು ಅತ್ತರು. ಅಂಥವರು ಇನ್ನು ಹುಟ್ಟೋದಿಲ್ಲ ಎಂದರು. ನನಗೆ ಚಹಾ ಕೊಟ್ಟರು, ಅವರಿಗೂ ಕೊಟ್ಟರು. ಆದರೆ 'ನಿಮಗೆ ಹೇಗಿದೆ' ಎಂದು ಫೈಲಪ್ಪನವರನ್ನು ಕೇಳಲಿಲ್ಲ. ನೂರಿಪ್ಪತ್ತೇಳು ಮನೆಗಳಲ್ಲಿ ಎಷ್ಟು ಜನ ಕೇಳಿದ್ದಾರೆಂದು ದಾರಿಯಲ್ಲಿ ವಿಚಾರಿಸಿದೆ. ಅವರು ಬಸ್ಸಿನ ನಂಬರು ನೋಡುವವರಂತೆ ಆ ಕಡೆ ತಿರುಗಿದರು.

ಲಾಯರಮ್ಮನ ನೆನಪಿನ ಸಭೆಯಲ್ಲೂ ಹೀಗೇ ಆಯಿತಂತೆ. ವಕೀಲರು ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು, ಬಂದವರೆಲ್ಲ ತಂಗಿಯ ಮಗಳ ಕೈಹಿಡಿದು ಸಮಾಧಾನ ಹೇಳಿದರು. "ನಂಗ್ಯಾರೂ ಏನೂ ಹೇಳ್ಲಿಲ್ಲ. ಅವರ ತಪ್ಪಲ್ಲ ಬಿಡಿ. ನಾನು ಕುರ್ಚಿ ಜೋಡಿಸ್ತಾ ಇದ್ದೆ." ನಲವತ್ತೊಂದು ವರ್ಷ ದಿನಕ್ಕೆ ಹತ್ತು ಗಂಟೆ ಜೊತೆಗಿದ್ದವರನ್ನು ಕಳೆದುಕೊಂಡ ಮನುಷ್ಯನಿಗೆ ಹೇಳಲು ಊರಿನಲ್ಲಿ ಒಂದು ಮಾತೂ ಇರಲಿಲ್ಲ. ನನಗೆ ಸಿಟ್ಟು ಬಂತು. ಆಮೇಲೆ, ಆ ಸಭೆಯಲ್ಲಿ ನಾನೂ ಒಂದು ಕುರ್ಚಿಯಲ್ಲಿ ಕೂತಿದ್ದೆ ಎಂಬುದು ನೆನಪಾಯಿತು.

ಕೋರ್ಟಿನವರು ಇನ್ನೊಂದು ಸಂಗತಿಯನ್ನು ದನಿ ತಗ್ಗಿಸಿ ಹೇಳುತ್ತಾರೆ. ಲಾಯರಮ್ಮ ತೀರಿಕೊಂಡ ಹನ್ನೆರಡನೆಯ ದಿನ ಅವರದೊಂದು ಕೇಸು ಕೂಗಿದರು. ವಕೀಲರು ಬೇರೆ ಕೋರ್ಟಿನಲ್ಲಿದ್ದಾಗ ಗುಮಾಸ್ತರು ಎದ್ದು ಸ್ವಲ್ಪ ಸಮಯ ಕೇಳುವುದು ಅಲ್ಲಿನ ರೂಢಿ. ಫೈಲಪ್ಪ ಬಗಲಲ್ಲಿ ಫೈಲು ಅವುಚಿಕೊಂಡು ಎದ್ದು ನಿಂತರು. "ಅಮ್ಮ ಬರ್ತಾ ಇದ್ದಾರೆ ಸ್ವಾಮಿ, ಸ್ವಲ್ಪ ಹೊತ್ತು ಕೊಡ್ಬೇಕು" ಎಂದರು.

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. "ಆಗಲಿ, ಕಾಯೋಣ" ಎಂದು ಆ ಕೇಸನ್ನು ಪಕ್ಕಕ್ಕಿಟ್ಟು ಮುಂದಿನದನ್ನು ಕೂಗಿಸಿದರು. "ಅಂದ ಮೇಲೆ ನಂಗೇ ಗೊತ್ತಾಯ್ತು, ಏನಂದೆ ಅಂತ," ಎನ್ನುತ್ತಾರೆ ಫೈಲಪ್ಪ. "ಕೂತ್ಕೊಳ್ಳೋಕೂ ಆಗ್ಲಿಲ್ಲ, ನಿಲ್ಲೋಕೂ ಆಗ್ಲಿಲ್ಲ."

ಚಾಲಕರ ಮನೆಯಿಂದ ಕೋಣೆಗೆ ಮರಳಿದಾಗ ಎಂಟೂವರೆ. ಕಪಾಟು ಖಾಲಿಯಾಗಿದೆ. ಕೆಳಗಿನ ಹಲಗೆಯ ಮೂಲೆಯಲ್ಲಿ ಒಂದೇ ಒಂದು ಫೈಲು, ತೆಳ್ಳನೆಯದು. ಮೇಲೆ ಕಕ್ಷಿದಾರರ ಹೆಸರಿಲ್ಲ. ಲಾಯರಮ್ಮನ ಓರೆ ಅಕ್ಷರದಲ್ಲಿ 'ನಮ್ಮವನು' ಎಂದಷ್ಟೇ ಇದೆ. ಇದು ಯಾರದು ಎಂದು ಕೇಳಿದೆ. ಅವರು ಬಹಳ ಹೊತ್ತು ಕಿಟಕಿಯ ಚಿಲಕ ಸರಿಮಾಡಿದರು.

"ನಂದೇ," ಎಂದರು.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಫೈಲಪ್ಪನವರ ತಾಯಿ ಹೊಲಿಗೆ ಯಂತ್ರ ತುಳಿದು ಇಬ್ಬರು ಮಕ್ಕಳನ್ನು ಸಾಕಿದವರು. ತಾಯಿ ಹೋದ ಮಾರನೆಯ ದಿನ, ಇವರು ಕೋರ್ಟಿಗೆ ಹೋಗಿದ್ದಾಗ, ಅಕ್ಕ ಆ ಯಂತ್ರವನ್ನು ತನ್ನ ಮನೆಗೆ ಸಾಗಿಸಿದಳು. ಒಂದು ಮಾತು ಕೇಳಲಿಲ್ಲ. ಬೇರೆ ತಮ್ಮನಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದ. ಇವರು ಗುಮಾಸ್ತರು, ಕೋಪ ಬಂದರೆ ಟೈಪ್ ಮಾಡುವವರು. ಒಡಹುಟ್ಟಿದ ಅಕ್ಕನನ್ನು 'ಎದುರುದಾರರು' ಎಂದು ಕರೆದು, ಹದಿನೈದು ದಿನದೊಳಗೆ ಸದರಿ ಯಂತ್ರವನ್ನು ಹಿಂದಿರುಗಿಸತಕ್ಕದ್ದು ಎಂದು ನೋಟಿಸು ತಯಾರಿಸಿ, ಸಹಿಗೆ ಲಾಯರಮ್ಮನ ಮುಂದಿಟ್ಟರು.

"ಅಮ್ಮ ಓದಿದ್ರು. ಬೈಲಿಲ್ಲ, ಸಹಿನೂ ಹಾಕ್ಲಿಲ್ಲ. 'ಇದಕ್ಕೆ ಲಾಡಿ ಕಟ್ಟು' ಅಂದ್ರು. ಕಟ್ಟಿದೆ. 'ಈಗ ಹೋಗಿ ಅಕ್ಕನ್ನ ಕರ್ಕೊಂಡು ಬಾ, ಬೆಂಚು ಖಾಲಿ ಇದೆ' ಅಂದ್ರು. ನಾನು ಹೋಗ್ಲಿಲ್ಲ."

"ನೋಟಿಸಿನ ವಿಷಯ ಅಕ್ಕನಿಗೆ ಗೊತ್ತಾ?"

"ಇಲ್ಲ. ಅವಳಿಗೆ ಗೊತ್ತಿರೋದು ಇಷ್ಟೇ, ತಮ್ಮ ಬರೋದು ಬಿಟ್ಟ ಅಂತ. ಅವಳೂ ಹಟಮಾರಿ. ಒಂದೇ ಹೊಟ್ಟೆಯವರಲ್ವಾ."

ಅಕ್ಕನ ಮನೆ ಎಷ್ಟು ದೂರ? ಎರಡು ಬಸ್ಸು ಬದಲಿಸಬೇಕು, ಅಷ್ಟೇ. ನೂರಿಪ್ಪತ್ತೇಳು ಮನೆಗೆ ನಡೆದ ಕಾಲಿಗೆ ಅದು ಮಾತ್ರ ಸಿಗಲಿಲ್ಲ. ನೆನಪಿನ ಸಭೆಗೆ ಆಕೆಯೂ ಬಂದಿದ್ದರಂತೆ, ಹಿಂದಿನ ಸಾಲಿನಲ್ಲಿ ಕೂತು ಎದ್ದುಹೋದರಂತೆ. ಲಾಯರಮ್ಮನ ಪರಿಚಯ ಆಕೆಗೆ ಹೇಗೆ ಎಂದೆ. ಫೈಲಪ್ಪ ಮೊಳೆಯ ಮೇಲಿನ ಕೋಟು ತಂದು, ಬಲ ಮೊಣಕೈಯ ತೇಪೆಯನ್ನು ತಿರುಗಿಸಿ ಒಳಗಿನ ಹೊಲಿಗೆ ತೋರಿಸಿದರು. ಸಣ್ಣ ಸಣ್ಣ ಹೊಲಿಗೆ, ಪ್ರತಿ ಅಂಚಿನಲ್ಲೂ ಎರಡೆರಡು ಸಲ ಹಿಂದೆ ಮುಂದೆ ಹೋಗಿ ನಿಂತಿದೆ.

"ಹೀಗೆ ಎರಡು ಸಲ ತಿರುಗಿಸೋದು ನಮ್ಮಮ್ಮನ ಕೈ. ಅದನ್ನ ಕಲಿತವಳು ಅಕ್ಕ ಒಬ್ಬಳೇ. ಲಾಯರಮ್ಮ ಹತ್ತೊಂಬತ್ತು ವರ್ಷ ಕೋಟು ಅವಳ ಹತ್ರಾನೇ ಹೊಲಿಸಿದ್ದಾರೆ. ನಂಗೆ ಒಂದ್ಸಲಾನೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಬ್ರಷ್ ಹಾಕೋನು ನಾನು, ಕಾಣಲ್ವಾ? ಕಂಡಿತ್ತು. ಕಾಣದವನ ಹಾಗೆ ಇದ್ದೆ. ನಂಗೆ ಗೊತ್ತು ಅಂತ ಅವರಿಗೂ ಗೊತ್ತಿತ್ತು." ಕೋಟಿನ ತೋಳನ್ನು ಮತ್ತೆ ನೇರಮಾಡಿದರು. "ಕೊನೇ ವಾರದಲ್ಲಿ 'ನಮ್ಮವನ ಫೈಲೊಂದು ಉಳೀತಲ್ಲೋ' ಅಂದ್ರು. ನಾಳೆ ನೋಡೋಣ ಅಮ್ಮ ಅಂದೆ."

ಕೋಣೆ ಬಿಡಲು ಒಂಬತ್ತು ದಿನ ಉಳಿದಿದೆ. ಅದು ಕಳೆದರೆ ಈ ಬೆಂಚೂ ಹೋಗುತ್ತದೆ, ಒಟ್ಟಿಗೆ ಕೂತು ಗಂಟು ಬಿಚ್ಚುವ ಜಾಗವೂ ಹೋಗುತ್ತದೆ. ಆ ತೆಳ್ಳನೆಯ ಫೈಲನ್ನು ಬಗಲಿಗೆ ಸೇರಿಸಿಕೊಂಡು, ಕೋಟನ್ನು ಮಡಚಿ ಚೀಲಕ್ಕಿಟ್ಟು ಅವರು ಬಾಗಿಲಲ್ಲಿ ನಿಂತಿದ್ದಾರೆ. ಬೀಗ ಹಾಕುವುದೋ ಬೇಡವೋ ಎಂಬಂತೆ ಕೈಯಲ್ಲಿ ಬೀಗದ ಕೈ ಆಡಿಸುತ್ತಿದ್ದಾರೆ.

"ಇಷ್ಟು ವರ್ಷ ಎಲ್ಲರ ಪರವಾಗಿ ಎದ್ದು 'ಬರ್ತಾ ಇದ್ದಾರೆ' ಅಂದೆ. ನನ್ನ ಪರವಾಗಿ ಅಕ್ಕನ ಹತ್ರ ಹಾಗನ್ನೋಕೆ ಯಾರೂ ಇಲ್ಲ ನೋಡಿ. ನಾನೇ ಹೋಗ್ಬೇಕು."

ಹೋಗಿ ಏನು ಕೇಳುತ್ತೀರಿ, ಹೊಲಿಗೆ ಯಂತ್ರವನ್ನೇ ಎಂದೆ.

"ಅಯ್ಯೋ, ಯಂತ್ರ ಇಟ್ಕೊಂಡು ನಾನೇನು ಮಾಡ್ಲಿ? ಬಾಗಿಲು ತೆಗೆದು 'ಎಲ್ಲಿ ಸತ್ತಿದ್ಯೋ ಇಷ್ಟು ದಿನ' ಅಂತ ಒಂದ್ಸಲ ಬೈದ್ರೆ ಸಾಕು."