ಕೋಲ್ಡ್ ರೂಮಿನ ನೆಲ

ಯಜಮಾನರು ಕಾಮಾಲೆಯಲ್ಲಿ ತೀರಿಹೋದ ವರ್ಷವೇ ನಾನು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ಐಸ್‌ಕ್ರೀಮ್ ಕಾರ್ಖಾನೆಗೆ ಕೆಲಸಕ್ಕೆ ಸೇರಿದೆ. ಎಂಬತ್ತರ ದಶಕದ ನಡುಭಾಗ. ಬಸವೇಶ್ವರನಗರದಲ್ಲಿ ನಾವು ಬಾಡಿಗೆಗಿದ್ದ ಹಿಂದಿನ ಪೋರ್ಷನ್ನಿನಿಂದ ಅಲ್ಲಿಗೆ ನಡೆದೇ ಹೋಗಬಹುದಿತ್ತು. ಪುಟ್ಟ ಮಗಳನ್ನು ಮುಂದಿನ ಮನೆಯ ಆಂಟಿಯ ಹತ್ತಿರ ಬಿಟ್ಟು ಹೊರಡುತ್ತಿದ್ದೆ. ಆ ದಿನಗಳಲ್ಲಿ ನನಗೆ ಅಳು ಬರುತ್ತಿರಲಿಲ್ಲ. ಮಾತಾಡಿಸಲು ಬಂದವರೆಲ್ಲ ಗಟ್ಟಿಗಿತ್ತಿ ಅಂದುಕೊಂಡು ಹೋದರು. ಗಟ್ಟಿತನವಲ್ಲ ಅದು. ಏನೆಂದು ನನಗೂ ಹೇಳಲು ಬರುತ್ತಿರಲಿಲ್ಲ.

ಚಳಿಗಾಲದಲ್ಲಿ ಐಸ್‌ಕ್ರೀಮಿಗೆ ಗಿರಾಕಿ ಕಡಿಮೆ. ಡಿಸೆಂಬರ್ ಬಂತೆಂದರೆ ಮಾಲು ಇಡುವ ಕೋಲ್ಡ್ ರೂಮನ್ನು ಅರ್ಧಕ್ಕರ್ಧ ಖಾಲಿ ಮಾಡಿ, ನೆಲಕ್ಕೆ ಹತ್ತಿದ ಐಸನ್ನು ಕೆರೆದು ತೆಗೆಯುವುದು ಹೆಂಗಸರ ಪಾಲಿಗೆ ಬರುತ್ತಿತ್ತು. ಬಾಗಿಲು ತೆಗೆದಾಗಲೆಲ್ಲ ಹೊರಗಿನ ತೇವ ಒಳಗೆ ನುಗ್ಗಿ, ನೆಲದ ಮೇಲೆ ಕೂತು, ಗಾಜಿನಂತಾಗುತ್ತಿತ್ತು. ಬಿಳಿ ಹುಡಿ ಇದ್ದ ಕಡೆ ಕಾಲು ನಿಲ್ಲುತ್ತಿತ್ತು, ಕಪ್ಪಗೆ ಮಿನುಗುವ ಕಡೆ ನಿಲ್ಲುತ್ತಿರಲಿಲ್ಲ. ನಮಗೆ ಕೊಟ್ಟ ಗಮ್‌ಬೂಟುಗಳು ಗಂಡಸರ ಅಳತೆಯವು. ತುದಿಗೆ ಹಳೇ ಬಟ್ಟೆ ತುರುಕಿ, ಸೀರೆ ಎತ್ತಿಕಟ್ಟಿ ಇಳಿಯುತ್ತಿದ್ದೆವು.

ಅಲ್ಲಿ ನಡೆಯುವುದನ್ನು ನನಗೆ ಕಲಿಸಿದವರು ಕೆಂಗೇರಿಯಿಂದ ಎರಡು ಬಸ್ ಬದಲಿಸಿ ಬರುತ್ತಿದ್ದ ಹಿರಿಯ ಹೆಂಗಸು. ಎಲ್ಲರೂ ಅವರನ್ನು ಅಕ್ಕ ಅನ್ನುತ್ತಿದ್ದರು. ಮೊದಲ ದಿನ ನನ್ನ ಮೊಣಕೈ ಹಿಡಿದುಕೊಂಡು ಕೇಳಿದರು.

"ಹೆರಿಗೆ ಆಗಿದೆ ಅಲ್ವೇನೇ ನಿಂಗೆ?"

"ಹೂಂ, ಒಬ್ಳು ಮಗ್ಳು."

"ದಿನ ತುಂಬ್ದಾಗ ಹೆಂಗ್ ನಡೀತಿದ್ದೆ? ಹಂಗೇ ನಡಿ. ಕಾಲು ಸ್ವಲ್ಪ ಅಗಲ. ಸಣ್ಣ ಹೆಜ್ಜೆ. ಪಾದ ಪೂರ್ತಿ ನೆಲಕ್ಕೆ ಕೂರ್ಲಿ, ಭಾರ ಮುಂದಿನ ಕಾಲಿಗೆ ಬಿಡು. ಎರಡೂ ಕೈ ತುಂಬ ಸಾಮಾನು ಹಿಡ್ಕೋಬೇಡ. ಜಾರ್ತೀನಿ ಅನ್ಸಿದ್ರೆ ಅಲ್ಲೇ ಕುಕ್ಕರಗಾಲಲ್ಲಿ ಕೂತ್ಬಿಡು. ಯಾರ್ ನೋಡಿದ್ರೂ ನಾಚ್ಕೋಬೇಡ ಕಣೇ."

ಬೇಗ ಕಲಿತೆ. ನಿಜ ಹೇಳಬೇಕೆಂದರೆ ಆ ಕೋಣೆ ನನಗೆ ಹಿಡಿಸಿತ್ತು. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಕೆನ್ನೆ ಜೋಮು ಹಿಡಿಯುತ್ತಿತ್ತು. ಮಿಕ್ಕವರು ಆಗಾಗ ಓಡಿಹೋಗಿ ಬಿಸಿಲಲ್ಲಿ ನಿಲ್ಲುತ್ತಿದ್ದರು. ನಾನು ಕೆರೆಯುತ್ತಲೇ ಇರುತ್ತಿದ್ದೆ. ಅಕ್ಕ ಬಂದು ಬೆನ್ನಿಗೆ ಕೈಯಿಟ್ಟು ಹೊರಗೆ ತಳ್ಳಬೇಕಿತ್ತು.

ಒಂದು ಬೆಳಿಗ್ಗೆ ವ್ಯಾನು ಬಂದು ನಿಂತಿತ್ತು. ಎಲ್ಲೋ ಮದುವೆಗೆ ಮಾಲು ಹೋಗಬೇಕಂತೆ. ಸೂಪರ್‌ವೈಸರು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದ. ಅಕ್ಕ ಎರಡೂ ಕೈಯಲ್ಲಿ ಟ್ರೇ ಹೊತ್ತು ಹೊರಟರು. ಬಾಗಿಲ ಹತ್ತಿರದ ಕಪ್ಪು ನೆಲ ಟ್ರೇಯ ಕೆಳಗೆ ಅವರಿಗೆ ಕಾಣಲಿಲ್ಲ. ಬಿದ್ದ ಸದ್ದು ಹೆಚ್ಚೇನೂ ಇರಲಿಲ್ಲ. ಐಸ್‌ಕ್ರೀಮ್ ಕಪ್ಪುಗಳು ಮಾತ್ರ ಗೋಡೆಯ ತನಕ ಜಾರಿಕೊಂಡು ಹೋದವು. ಹೊರಗಿನಿಂದ ಇಬ್ಬರು ಓಡಿಬಂದರು. ಒಬ್ಬಳು ಅಲ್ಲೇ ಜಾರಿ ಬಿದ್ದಳು, ಹಲ್ಲು ತುಟಿಗೆ ನಾಟಿ ರಕ್ತ ಬಂತು.

"ಏಯ್, ಬೇಗ ಬಾರೇ!" ಬಿದ್ದವಳು ನನ್ನತ್ತ ಕೂಗಿದಳು.

ನಾನಿದ್ದದ್ದು ಕೋಣೆಯ ಆ ತುದಿಯಲ್ಲಿ. ಬೇಗ ಬರಲಿಲ್ಲ. ಬಿಳಿ ನೆಲ ಹುಡುಕಿಕೊಂಡು, ಬಸುರಿಯ ಹೆಜ್ಜೆಯಲ್ಲಿ, ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು ತೆಗೆದುಕೊಂಡೆ. ದಾರಿಯಲ್ಲಿ ರ‍್ಯಾಕಿನ ಕೆಳಗಿದ್ದ ಗೋಣಿಚೀಲ ಎಳೆದುಕೊಂಡೆ. ಅಕ್ಕನ ಬಲಗಾಲು ಇರಬಾರದ ಕಡೆಗೆ ತಿರುಗಿತ್ತು. ಅವರನ್ನು ಎತ್ತಲು ಬಿಡದೆ, ಗೋಣಿಯ ಮೇಲೆ ಮೆಲ್ಲಗೆ ಸರಿಸಿ, ಮೂವರೂ ಸೇರಿ ಬಾಗಿಲಾಚೆ ಎಳೆದೆವು. ಅಕ್ಕ ಹಲ್ಲುಕಚ್ಚಿ ನನ್ನ ಮುಖವನ್ನೇ ನೋಡುತ್ತಿದ್ದರು. ಅಲ್ಲಿ ಅವರಿಗೆ ಏನು ಕಂಡಿತೋ. ನನಗೆ ಒಳಗೆ ಏನೂ ಆಗುತ್ತಿರಲಿಲ್ಲ.

ಅದೇ ವ್ಯಾನಿನಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ತೊಡೆಯ ಮೂಳೆ ಮುರಿದಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ತುಟಿ ಒಡೆದುಕೊಂಡವಳು ಅಂದಳು, "ಕಲ್ಲು ಕಣ್ರೇ ಇವ್ಳು. ಅಷ್ಟು ಕರೆದ್ರೂ ದೇವಸ್ಥಾನ ಸುತ್ತೋರ ಥರ ಬಂದ್ಲು." ನಾನು ಡಬ್ಬಿಯಲ್ಲಿದ್ದ ಚಿತ್ರಾನ್ನ ಮುಗಿಸಿದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಕೆಂಗೇರಿಗೆ ಹೋದೆ. ಅಕ್ಕ ಬಾಗಿಲ ಮುಂದೆ ಬಿಸಿಲಲ್ಲಿ ಮಂಚ ಹಾಕಿಸಿಕೊಂಡು ಮಲಗಿದ್ದರು. ಇನ್ನು ಕಾರ್ಖಾನೆಗೆ ಬರುವ ಮಾತಿಲ್ಲ, ಕಾಲು ನೆಟ್ಟಗಾದರೆ ಸೊಸೆಯ ಜೊತೆ ಹಪ್ಪಳ ಮಾಡುತ್ತೇನೆ ಎಂದರು. ನಾನು ಎಳ್ಳುಬೆಲ್ಲ ಕೊಟ್ಟು ಮಂಚದ ಪಕ್ಕ ಕೂತೆ.

ಆಮೇಲೆ ಹೇಳಿದೆ. "ಅವತ್ತು ನಾನು ಓಡಿ ಬರ್ಲಿಲ್ಲ ಅಂತ ಎಲ್ರೂ ಆಡ್ಕೋತಾರೆ ಅಕ್ಕ."

"ಓಡಿ ಬಂದಿದ್ರೆ ನನ್ ಮೇಲೇ ಬೀಳ್ತಿದ್ದೆ. ಇನ್ನೊಂದು ಕಾಲೂ ಹೋಗ್ತಿತ್ತು." ನಕ್ಕರು, ನೋವಾಗಿ ನಿಲ್ಲಿಸಿದರು. ನನ್ನ ಮುಖ ನೋಡಿ ಕೇಳಿದರು. "ಯಜಮಾನ್ರು ಹೋದಾಗ ಅತ್ತಿದ್ಯಾ?"

"ಇಲ್ಲ."

"ಇವತ್ತಿನ ತನಕ?"

ಇಲ್ಲವೆಂದು ತಲೆಯಾಡಿಸಿದೆ. ಅವರು ಸಮಾಧಾನ ಹೇಳಲಿಲ್ಲ. ಸೊಸೆಯನ್ನು ಕರೆದು ಕಾಫಿ ತರಿಸಿದರು. ಹಬೆಯಾಡುತ್ತಿದ್ದ ಹಾಗೇ ಕುಡಿದೆ. ನನ್ನ ಮಗಳು ಅವರ ಊರುಗೋಲು ಹಿಡಿದು ಅಂಗಳದಲ್ಲಿ ಕುಂಟುತ್ತ ಆಡುತ್ತಿದ್ದಳು. ಬೈಯಲು ಹೊರಟ ನನ್ನನ್ನು ಅಕ್ಕ ತಡೆದರು.

ವಾಪಸ್ ಬರುವಾಗ ಮೈಸೂರು ರಸ್ತೆಯುದ್ದಕ್ಕೂ ಮಗಳು ತೊಡೆಯ ಮೇಲೆ ನಿದ್ದೆ ಮಾಡಿದಳು. ಮನೆಗೆ ಬಂದು ಅವಳಿಗೆ ಅನ್ನ ಕಲಸುವಾಗ ಖಾರ ನೋಡಲು ಸಾರು ಬಾಯಿಗಿಟ್ಟೆ. ನಾಲಿಗೆ ಚುರ್ರೆಂದಿತು. ಅಕ್ಕನ ಮನೆಯ ಕಾಫಿಗೆ ಸುಟ್ಟುಕೊಂಡಿದ್ದೆ. ಕುಡಿಯುವಾಗ ಗೊತ್ತೇ ಆಗಿರಲಿಲ್ಲ.