ಕೋಮಿ ಅಕ್ಷರಕ್ಕೆ ಮೂರು ವಾರ

ಪರದೆಯ ಮೇಲೆ ಅಕ್ಷರ ಮೂಡಬೇಕಾದ ಜಾಗದಲ್ಲಿ ಖಾಲಿ ಚೌಕ ಕಂಡರೆ ಅದನ್ನು ಸರಿಪಡಿಸುವುದು ನನ್ನ ಕೆಲಸ. ಅಮೆರಿಕದಲ್ಲಿ ಇದಕ್ಕೂ ವೀಸಾ ಕೊಡುತ್ತಾರೆ. ಹೋದ ಅಕ್ಟೋಬರಿನಲ್ಲಿ ನನ್ನ ಪಾಲಿಗೆ ಬಂದದ್ದು ಕೋಮಿ ಭಾಷೆಯ ಒಂದು ಅಕ್ಷರ. ಕೋಮಿ ಎಂದರೆ ರಷ್ಯಾದ ಉತ್ತರದ ಜನ ಆಡುವ ಭಾಷೆ. ಇಂಗ್ಲಿಷಿನ ‘ಡಿ’ಗೆ ಬಾಲ ಅಂಟಿಸಿದಂತಿರುವ ಈ ಅಕ್ಷರವನ್ನು ನೂರು ವರ್ಷದ ಹಿಂದೆ ಅವರು ಒಂದಷ್ಟು ಕಾಲ ಬರೆದರು. ಆಮೇಲೆ ಲಿಪಿ ಬದಲಾಯಿತು, ಅಕ್ಷರ ಮೂಲೆ ಸೇರಿತು.

ಯಾರೂ ಬಳಸುವುದಿಲ್ಲ, ಬಿಟ್ಟುಬಿಡು ಎಂದ ಮ್ಯಾನೇಜರ್. ನನಗೆ ಹಟ ಹತ್ತಿತು. ಮೂರು ವಾರ ಊಟದ ಟೇಬಲ್ ಮೇಲೂ ಲ್ಯಾಪ್‌ಟಾಪ್ ಇಟ್ಟುಕೊಂಡು ಅದರ ಬಾಲ ತಿದ್ದಿದೆ.

“ಮಗಳಿಗೆ ರಾಜ್ಯೋತ್ಸವದ ಭಾಷಣ ಹೇಳ್ಕೊಡೋದು ಯಾವಾಗ?” ಎಂದಳು ಹೆಂಡತಿ. “ಮನೆಗೆ ಮಾರಿ, ಊರಿಗೆ ಉಪಕಾರಿ.”

ಒಂಬತ್ತು ವರ್ಷದ ಮಗಳಿಗೆ ಕನ್ನಡ ಓದಲು ಬಾರದು. ನಾನೇ ಕಲಿಸುತ್ತೇನೆಂದು ಅವಳು ಕಿಂಡರ್‌ಗಾರ್ಟನ್ ಸೇರಿದ ದಿನ ಜಂಬದಿಂದ ಮಾತು ಕೊಟ್ಟಿದ್ದೆ. ಈ ಅಕ್ಷರದ ಹಟದಲ್ಲಿದ್ದ ಅಕ್ಟೋಬರಿನಲ್ಲಿ ಅವಳೇ ಎರಡು ಸಲ ಕನ್ನಡ ಪುಸ್ತಕ ಹಿಡಿದು ಬಂದಳು. ನಾಳೆ ಎಂದೆ.

ಕಡೆಗೆ ನಮ್ಮೂರು ಫಾರ್ಮಿಂಗ್ಟನ್ ಹಿಲ್ಸ್‌ನ ಕನ್ನಡದ ಅಪ್ಪಂದಿರು ಮಾಡುವುದನ್ನೇ ಮಾಡಿದೆ. ಕನ್ನಡ ಉಳಿಸಿ, ಬೆಳೆಸಿ ಎಂಬ ಭಾಷಣವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಚೀಟಿ ಕೊಟ್ಟೆ. ರಾಜ್ಯೋತ್ಸವದ ದಿನ ವೇದಿಕೆ ಹತ್ತಿದ ಮಕ್ಕಳೆಲ್ಲರ ಕೈಯಲ್ಲೂ ಅಂಥದೇ ಚೀಟಿ ಇತ್ತು. ಬರಹ ಸಭೆಗೆ ಕಾಣದಂತೆ ಹಿಡಿಯಬೇಕೆಂದು ನಾವೇ ಹೇಳಿಕೊಟ್ಟಿದ್ದೆವು.

ಮಗಳು ಗಟ್ಟಿಯಾಗಿ ಓದಿದಳು, ಚಪ್ಪಾಳೆ ಬಿತ್ತು. ಬಿಸಿಬೇಳೆಬಾತಿನ ಸಾಲಿನಲ್ಲಿ ಧಾರವಾಡದ ಕಡೆಯ ಅಂಕಲ್ ಒಬ್ಬರು ಅವಳ ತಲೆ ಸವರಿದರು. “ಭಾಳ ಛಲೋ ಓದಿದಿ ನೋಡವ್ವಾ. ಮನ್ಯಾಗ ನಿಮ್ಮಪ್ಪ ಕಲಿಸ್ಯಾರೇನು?”

ಅವಳು ಬಾಯಿ ತೆರೆಯುವ ಮೊದಲೇ ನಾನೆಂದೆ, “ಹೌದು ಅಂಕಲ್. ದಿನಾ ಕೂತ್ಕೊಂಡು ನಾನೇ ಕಲಿಸಿದೆ.”

ಮಗಳು ನನ್ನ ಮುಖ ನೋಡಿದಳು. ಆಮೇಲೆ ಚೀಟಿಯನ್ನು ಮಡಿಸಿ ಮುಷ್ಟಿಯೊಳಗೆ ಮುಚ್ಚಿಕೊಂಡಳು. ನನ್ನ ಮಾನ ಉಳಿಸಿದ್ದು ಅವಳು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಕಾರಿನ ಹಿಂದಿನ ಸೀಟಿನಿಂದ ಇಂಗ್ಲಿಷಿನಲ್ಲಿ ಕೇಳಿದಳು: ಯಾರಿಗೂ ಬೇಡದ ಆ ಅಕ್ಷರದ ಜೊತೆ ಮೂರು ವಾರ ಕೂತೆಯಲ್ಲ, ನನಗೆ ಬೇಕಿತ್ತು, ನನ್ನ ಜೊತೆ ಯಾಕೆ ಕೂರಲಿಲ್ಲ?

“ಅದು ಆಫೀಸ್ ಕೆಲ್ಸ ಕಣೇ,” ಎಂದೆ.

“ಓಕೆ ಅಪ್ಪಾ,” ಎಂದಳು. ಪುಸ್ತಕ ಹಿಡಿದು ಅವಳು ಮತ್ತೆ ಬಂದಿಲ್ಲ.