ಪೈಪಿನ ಕಾಕಾನ ಪರವಾಗಿ

ನಿನ್ನೆ ಸಂಜೆ ಮಗಳು ಮೊಬೈಲ್ ಹಿಡಿದು ಬಿದ್ದು ಬಿದ್ದು ನಗುತ್ತಿದ್ದಳು.

“ಅಪ್ಪಾ, ಇಂವನ್ನ ನೋಡು. ಎಲ್ಲಾರೂ ಮರತ ಹಳೇ ಕಾಮಿಕ್ಸ್ ಖಳನಾಯಕರೊಳಗ ಇಂವನ ಭಾಳ ಪೆದ್ದ ಅಂತ!”

ನೋಡಿದೆ. ಬೋಳುತಲೆ, ಹಸಿರು ಮೈ, ಹೆಗಲ ಮೇಲೆ ದಪ್ಪನೆಯ ಪೈಪು. ಹೆಸರು ಗುರ್ಜಾಕ್. ಭೂಮಿಯ ಸಮುದ್ರವನ್ನೇ ಕದಿಯಲು ಬಂದ ಅನ್ಯಗ್ರಹದ ದುಷ್ಟನಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಅವನು ನಮ್ಮ ಪೈಪಿನ ಕಾಕಾ!

ಯಾವ ಕಾಕಾ ಎನ್ನುತ್ತೀರೇನು? ಹೇಳುತ್ತೇನೆ, ಸಿಟ್ಟು ಸ್ವಲ್ಪ ಇಳಿಯಲಿ. ನಾನು ಚಿಕ್ಕವನಿದ್ದಾಗ ನಾವು ಹೊನವಾಡದಲ್ಲಿದ್ದೆವು. ಅಕ್ಕ ಬೇರೆಯವರ ತೋಟಕ್ಕೆ ದ್ರಾಕ್ಷಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಪೆಟ್ಟಿಗೆಯ ತಳಕ್ಕೆ ಹಾಸಲು ತಿಕೋಟಾದಿಂದ ರದ್ದಿ ಕಾಗದ ಬರುತ್ತಿತ್ತು. ಪುಸ್ತಕದ ಭಾಗ್ಯ ಆಗ ನಮಗಿಂತ ದ್ರಾಕ್ಷಿಗೇ ಹೆಚ್ಚಿತ್ತು. ಆ ರದ್ದಿಯಲ್ಲಿ ಒಂದು ದಿನ ಅಕ್ಕನಿಗೆ ಈ ಇಂಗ್ಲಿಷ್ ಚಿತ್ರಕಥೆ ಸಿಕ್ಕಿತು. ಇಂಗ್ಲಿಷ್ ಅವಳಿಗೂ ಬಾರದು, ನನಗೂ ಬಾರದು. ಚಿತ್ರ ನೋಡಿಯೇ ಕಥೆ ಹೇಳಿದಳು.

ಚಿತ್ರದಲ್ಲಿ ಇದ್ದದ್ದಿಷ್ಟು: ಬಿರುಕುಬಿಟ್ಟ ನೆಲದ ಒಂದು ಲೋಕ. ಅಲ್ಲಿ ಹಸಿರು ಮಕ್ಕಳು ಪಾತ್ರೆ ಹಿಡಿದು ಸಾಲಾಗಿ ನಿಂತಿದ್ದಾರೆ. ಬೋಳುತಲೆಯವನು ಅಲ್ಲಿಂದ ನಮ್ಮ ಸಮುದ್ರದವರೆಗೆ ಪೈಪು ಎಳೆಯುತ್ತಾನೆ. ಕೆಂಪು ಚಡ್ಡಿಯವನೊಬ್ಬ ಹಾರಿಬಂದು ಪೈಪು ಕಿತ್ತೆಸೆದು ಅವನನ್ನು ಕಟ್ಟಿಹಾಕುತ್ತಾನೆ. ದಿನಾ ದೂರದ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದ ನಮಗೆ, ಇವರಲ್ಲಿ ಒಳ್ಳೆಯವನು ಯಾರು ಎಂಬ ಅನುಮಾನವೇ ಬರಲಿಲ್ಲ.

“ಕಾಕಾ ಪಾಪ, ಹುಡುಗರಿಗೆ ನೀರ ತರಾಕತ್ತಾನ. ಈ ಚಡ್ಡಿಯಾಂವಗ ಏನಾಗೇತಿ ರೋಗ?” ಎಂದಳು ಅಕ್ಕ.

ನಾನು ಚಡ್ಡಿಯವನ ಮುಖಕ್ಕೆ ಇದ್ದಿಲಿನಿಂದ ಮೀಸೆ ಬಳಿದು ಸೇಡು ತೀರಿಸಿಕೊಂಡೆ. ದೊಡ್ಡವನಾದ ಮೇಲೆ ಏನಾಗುತ್ತೀ ಎಂದು ಶಾಲೆಯಲ್ಲಿ ಕೇಳಿದಾಗ, “ಪೈಪಿನ ಕಾಕಾ ಆಗ್ತೇನ್ರಿ ಸರ” ಎಂದು ಎದೆಯುಬ್ಬಿಸಿ ಹೇಳಿದ್ದೆ. ಆದದ್ದು ವಿಜಯಪುರದಲ್ಲಿ ಗುಮಾಸ್ತ.

ಈಗ ನೀವೇ ಹೇಳಿ, ಇಂಥವನನ್ನು ದುಷ್ಟ, ಪೆದ್ದ ಎಂದರೆ ಸುಮ್ಮನಿರಲಾದೀತೆ? ಅಷ್ಟು ದೊಡ್ಡ ಸಮುದ್ರ! ನಾಲ್ಕು ಕೊಡ ಹೋದರೆ ಇವರ ಗಂಟೇನು ಹೋಗುತ್ತಿತ್ತು? “ಕೇಳಿ ತಗೋಬೇಕಿತ್ತಪ್ಪಾ” ಎನ್ನುತ್ತಾಳೆ ಮಗಳು. ಕೇಳಿದ್ದರೆ ಕೊಡುತ್ತಿದ್ದರೇ?

ರಾತ್ರಿಯಿಡೀ ಕುದ್ದು, ಇವತ್ತು ಬೆಳಿಗ್ಗೆ ನಿಡೋಣಿಯಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ನನ್ನ ಕೂಗಾಟವನ್ನೆಲ್ಲ ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು.

“ತಮ್ಮಾ, ಹೋದ ವಾರ ನಿಮ್ಮ ಮನಿಗೆ ಬಂದಾಗ ನೋಡೇನಿ. ಎದುರಿನ ಶೆಡ್ಡಿನಾಕಿ ಕೊಡ ಹಿಡಕೊಂಡು ನಿಮ್ಮ ಕಾಲೋನಿ ಬೋರಿಗೆ ಬಂದಿದ್ಲು. ಗೇಟಿಗೆ ಕೀಲಿ ಹಾಕಿದಾಂವ ನೀನ ಅಲ್ಲೇನು?”

“ಅದು ಕಾಲೋನಿ ನಿಯಮ ಅಕ್ಕಾ. ನಾ ಸೆಕ್ರೆಟರಿ ಅದೇನಿ.”

“ಆ ಚಡ್ಡಿಯಾಂವಗೂ ಏನರ ನಿಯಮ ಇದ್ದಿರಬೇಕು ಬಿಡು.”

ಫೋನು ಕುಕ್ಕಿದೆ. ಸೆಕ್ರೆಟರಿಯ ಕಷ್ಟ ಅವಳಿಗೇನು ಗೊತ್ತು? ಒಬ್ಬರನ್ನು ಬಿಟ್ಟರೆ ಹತ್ತು ಮಂದಿ ಬರುತ್ತಾರೆ. ಅವಳಿಗೆ ಹೇಳಬೇಕಿದ್ದನ್ನೆಲ್ಲ ಗೋಡೆಗೆ ಹೇಳುತ್ತ ಅಂಗಳದವರೆಗೆ ಬಂದೆ. ಗೇಟಿನಾಚೆ ಆ ಶೆಡ್ಡಿನ ಹೆಣ್ಣುಮಗಳು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ನೀರು ಹುಡುಕಿ ದೂರದ ತೊರವಿ ಕಡೆಗೆ ಹೊರಟಿದ್ದಳು. ನಾಚಿಕೆಯಾಯಿತು. ಜೇಬಿನಿಂದ ಕೀಲಿಕೈ ತೆಗೆದು, “ತಂಗೀ, ನಿಂದ್ರವಾ!” ಎಂದು ಕೂಗಿದೆ.

ಅವಳು ತಿರುಗಿ ನೋಡಿದಳು. ನಾನೆಂದು ಗೊತ್ತಾಗುತ್ತಲೇ ಹೆದರಿ, ಇನ್ನಷ್ಟು ಬಿರಬಿರನೆ ನಡೆದಳು.